ನಿಮಿಷಕ್ಕೆ ನೂರು ಸೆಕೆಂಡು

ಅಡಿ, ಅಂಗುಲ, ಕ್ಯೂಸೆಕ್ಕು ಎಲ್ಲ ಸತ್ತುಹೋದವು, ಇನ್ನು ಅವುಗಳ ಹೆಸರೆತ್ತಬಾರದು ಎಂದು ನಮ್ಮ ಸಹಾಯಕ ಎಂಜಿನಿಯರು ಪಾಂಡವಪುರದ ಕಚೇರಿಯಲ್ಲಿ ಮೇಜು ಕುಟ್ಟಿ ಹೇಳಿದ ದಿನ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆ ಮನುಷ್ಯನನ್ನು ನಾನು ಬಯ್ಯುವುದು ಬಹಳ ಇದೆ. ಬಯ್ಯುವಾಗ ನಾನೇನೋ ಆಚೆ ದಡದಲ್ಲಿ ನಿಂತು ನೋಡುತ್ತಿದ್ದೆ ಎಂದು ಯಾರೂ ತಿಳಿಯಬಾರದು.

ಅರವತ್ತರ ದಶಕದ ಮೊದಲ ವರ್ಷಗಳು. ಆಣೆ ಹೋಗಿ ನಯಾ ಪೈಸೆ ಬಂದಿತ್ತು, ಸೇರು ಹೋಗಿ ಕಿಲೋ ಬರುತ್ತಿತ್ತು. ನಾನು ನಾಲೆಯ ಓವರ್‌ಸೀಯರ್. ಎಂಜಿನಿಯರು ನಾಗಮಂಗಲದ ಕಡೆ ಎರಡು ಕೆರೆ ಏರಿಗಳಿಗೆ ಮಣ್ಣು ಹಾಕಿಸಿ ಬಂದವರು. ನಿಂತ ನೀರು ನೋಡಿದ್ದರು, ಹರಿಯುವ ನೀರು ಹೊಸತು. ಆದರೆ ಮಾತು ಕೇಳಿದರೆ ಕಾವೇರಿಯನ್ನು ಇವರೇ ಕೈಹಿಡಿದು ನಡೆಸಿಕೊಂಡು ಬಂದಂತಿತ್ತು. ರೂಪಾಯಿಗೆ ನೂರು ಪೈಸೆ, ಮೀಟರಿಗೆ ನೂರು ಸೆಂಟಿಮೀಟರು, ಇನ್ನು ಗುಣಾಕಾರ ಭಾಗಾಕಾರ ಎಂದು ತಲೆ ಚಚ್ಚಿಕೊಳ್ಳುವ ಕಾಲ ಮುಗಿಯಿತು, ಸೊನ್ನೆ ಸೇರಿಸಿ ಸೊನ್ನೆ ತೆಗೆದರೆ ಆಯಿತು ಎಂದು ಅವರು ಒಂದು ಗಂಟೆ ಉಪದೇಶ ಮಾಡಿದರು. ಕೊನೆಗೆ ಕೈಗಡಿಯಾರ ನೋಡಿಕೊಂಡು, ಊಟದ ಹೊತ್ತಾಯಿತು ಎಂದು ಎದ್ದರು.

ನನ್ನ ಪಾಲಿಗೆ ಬಂದದ್ದು ಚಿನಕುರಳಿ ರಸ್ತೆಯ ಆಚೆ ಹೋಗುವ ಒಂದು ಕಿರುನಾಲೆ. ಅದಕ್ಕೆ ಎರಡು ಕಡೆ ಅಳತೆ. ಮೇಲುಗಡೆ, ದೊಡ್ಡ ನಾಲೆಯಿಂದ ನೀರು ಬಿಡುವ ತೂಬಿನ ಹತ್ತಿರ ಒಂದು; ಕೆಳಗಡೆ, ಕೊನೆಯ ಊರಿನ ಗದ್ದೆಗಳು ಶುರುವಾಗುವ ಕಡೆ ಇನ್ನೊಂದು. ಕೆಳಗಿನದು ನಡುವೆ ಚೌಕವಾಗಿ ಕತ್ತರಿಸಿದ ಒಂದು ಕಬ್ಬಿಣದ ತಗಡು. ಆ ಕಿಂಡಿಯ ಮೇಲೆ ನೀರು ಎಷ್ಟು ಸೆಂಟಿಮೀಟರ್ ಎತ್ತರಕ್ಕೆ ಹರಿಯುತ್ತದೆಂದು ಪಕ್ಕದ ಅಳತೆಪಟ್ಟಿಯಲ್ಲಿ ನೋಡಿ, ಚಾರ್ಟಿನಲ್ಲಿ ಅದರ ಎದುರಿಗಿರುವ ಅಂಕಿಯನ್ನು ರಿಜಿಸ್ಟರಿಗೆ ಬರೆದರೆ ಕೆಲಸ ಮುಗಿಯಿತು. ತೊಡಕು ಇದ್ದದ್ದು ಚಾರ್ಟಿನಲ್ಲಿ. ಮೇಲಿನ ತೂಬಿಗೆ ಬಂದ ಅಚ್ಚಿನ ಚಾರ್ಟು ಸೆಕೆಂಡಿಗೆ ಇಷ್ಟು ಲೀಟರು ಎಂದಿತ್ತು. ಕೆಳಗಿನ ಕಿಂಡಿಗೆ ಬಂದ ಪುಸ್ತಕ ನಿಮಿಷಕ್ಕೆ ಇಷ್ಟು ಘನ ಮೀಟರು ಎಂದಿತ್ತು. ಎರಡನ್ನೂ ಒಂದೇ ಅಳತೆಗೆ ತರಬೇಕು. ಎಂಜಿನಿಯರು ಸಿಗರೇಟು ಮುಗಿಯುವುದರೊಳಗೆ ತಂದುಬಿಟ್ಟರು.

"ಘನ ಮೀಟರಿಗೆ ಸಾವಿರ ಲೀಟರು, ಮೂರು ಸೊನ್ನೆ ಸೇರಿಸಿ. ನಿಮಿಷದಿಂದ ಸೆಕೆಂಡಿಗೆ ಇಳೀಬೇಕು, ಎರಡು ಸೊನ್ನೆ ತೆಗೀರಿ. ಉಳಿದಿದ್ದು ಒಂದು ಸೊನ್ನೆ. ಆರು ಅಂತ ಇದ್ದರೆ ಅರವತ್ತು. ಇಷ್ಟೇ ಕಣ್ರೀ" ಎಂದರು.

ನನ್ನ ಅಕ್ಷರ ದುಂಡಗಿತ್ತು. ಅದೊಂದು ಜಂಬ ನನಗೆ. ಡ್ರಾಯಿಂಗ್ ಹಾಳೆಯ ಮೇಲೆ ಇಂಡಿಯನ್ ಇಂಕಿನಲ್ಲಿ ಎರಡು ದಿನ ಕೂತು ಆ ಚಾರ್ಟನ್ನು ಬರೆದೆ. ಸುತ್ತ ಕೆಂಪು ಗೆರೆಯ ಅಂಚು ಬೇರೆ ಹಾಕಿದೆ. ಕೆಳಗೆ 'ತಾಳೆ ನೋಡಿದ್ದೇನೆ' ಎಂದು ಬರೆದು ಸಹಿ ಮಾಡಿದೆ. ತಾಳೆ ನೋಡಿದ್ದು ಅಕ್ಷರದ ಅಂದವನ್ನು. ಅಂಕಿಯನ್ನು ನೋಡುವುದು ನನ್ನ ಕೆಲಸವೆಂದು ನನಗೆ ತೋಚಲೇ ಇಲ್ಲ.

ಆ ಕೊನೆಯ ಊರಿಗೆ ಒಬ್ಬ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಎಂದು ನೋಡಿ ಹಾಯಿಸುವುದು ಅವನ ಕೆಲಸ. ಅವನ ತಾತ, ಅವನ ಅಪ್ಪ ಮಾಡಿದ್ದೂ ಅದನ್ನೇ. ಒಕ್ಕಣೆಯಾದಾಗ ಪ್ರತಿ ಕಣದಲ್ಲೂ ಅವನ ಪಾಲಿನ ಭತ್ತವನ್ನು ತೆಗೆದಿಟ್ಟ ಮೇಲೇ ರೈತರು ಮೂಟೆ ಕಟ್ಟುತ್ತಿದ್ದರು. ಅರವತ್ತು ದಾಟಿದವನು, ಓದು ಬರಹ ಇಲ್ಲ, ಕೈಯಲ್ಲಿ ಯಾವಾಗಲೂ ತೂಬಿನ ಷಟರು ಎತ್ತಿ ಇಳಿಸುವ ಕಬ್ಬಿಣದ ಹ್ಯಾಂಡಲು. ನಾಲೆಯೊಳಗೆ ಅವನದೇ ಒಂದು ಕಲ್ಲಿತ್ತು. ನೀರು ಆ ಕಲ್ಲಿನ ಭುಜಕ್ಕೆ ಬಂದರೆ ಪೂರ್ತಿ ನೀರು, ಸೊಂಟಕ್ಕೆ ಬಂದರೆ ಅರ್ಧ. ನಮ್ಮ ತಗಡು, ಚಾರ್ಟುಗಳನ್ನು ಅವನು ನೋಡುತ್ತಿದ್ದ ರೀತಿ ನನಗೆ ಆಗಲೇ ಹಿಡಿಸಿರಲಿಲ್ಲ.

ಹೊಸ ಚಾರ್ಟು ಹಾಕಿ ಮೂರು ವಾರ ಕಳೆಯಿತು. ರಿಜಿಸ್ಟರಿನಲ್ಲಿ ಮೇಲೆ ನೂರೈದು, ಕೆಳಗೆ ಅರವತ್ತು. ದಿನಾ ಅದೇ. ನಾಲೆಯಲ್ಲಿ ನೀರು ಸ್ವಲ್ಪ ಇಂಗುವುದು ಸಹಜ. ನೂರೈದರಲ್ಲಿ ಐದು ಇಂಗಬಹುದು, ನಲವತ್ತೈದು ಇಂಗುವುದುಂಟೆ? ಎಂಜಿನಿಯರ ಮುಖ ಅರಳಿತು. ಕಳ್ಳನನ್ನು ಹಿಡಿದ ಖುಷಿ. ಸೆಕೆಂಡಿಗೆ ನಲವತ್ತೈದು ಲೀಟರು ಕಳವಾದರೆ ದಿನಕ್ಕೆ ಎಷ್ಟು ಎಂದು ಅಲ್ಲೇ ಗುಣಿಸಿದರು. ಅರವತ್ತು ಸೆಕೆಂಡು, ಅರವತ್ತು ನಿಮಿಷ, ಇಪ್ಪತ್ತನಾಲ್ಕು ಗಂಟೆ: ಮೂವತ್ತೆಂಟು ಲಕ್ಷ ಚಿಲ್ಲರೆ ಲೀಟರು. ಕಳವಿನ ಲೆಕ್ಕ ಮಾಡುವಾಗ ನಿಮಿಷಕ್ಕೆ ಅರವತ್ತೇ ಸೆಕೆಂಡು ಎಂಬುದು ಆ ಮಹಾನುಭಾವರಿಗೆ ಚೆನ್ನಾಗಿ ನೆನಪಿತ್ತು. ಪಕ್ಕದಲ್ಲಿ ನಿಂತು ಹೂಂಗುಟ್ಟಿದ ನನಗೂ ನೆನಪಿತ್ತು. ಹದಿನೈದು ಅಡಿ ದೂರದ ಗೋಡೆಯ ಮೇಲೆ ನಾನೇ ಬರೆದ ಚಾರ್ಟು ನೇತಾಡುತ್ತಿತ್ತು. ಇಬ್ಬರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಮಾರನೆಯ ದಿನ ಪಟೇಲರ ಜಗಲಿಯ ಮೇಲೆ ಊರನ್ನು ಸೇರಿಸಿದೆವು. ಅವತ್ತಿನ ತನಕ ಆ ಊರಿನವರು ನೀರು ಸಾಲದೆಂದು ಒಂದು ಅರ್ಜಿಯನ್ನೂ ಕೊಟ್ಟವರಲ್ಲ. ಜಗಲಿಯ ಮೇಲೆ ಕೂತರೆ ಎದುರಿಗೇ ಗದ್ದೆ ಕಾಣುತ್ತಿತ್ತು, ಪೈರು ಮೊಣಕಾಲುದ್ದ, ಒಂದು ಗರಿಯೂ ಬಾಡಿರಲಿಲ್ಲ. ಆದರೂ ಮೂವತ್ತೆಂಟು ಲಕ್ಷ ಲೀಟರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಒಬ್ಬೊಬ್ಬರಿಗೂ ಬಾಯಾರಿಕೆ ಶುರುವಾಯಿತು. ಒಬ್ಬನಿಗೆ ಹೋದ ವರ್ಷದ ಜೊಳ್ಳು ನೆನಪಾಯಿತು, ಇನ್ನೊಬ್ಬನಿಗೆ ಅವನಪ್ಪನ ಕಾಲದ್ದು. ಮೇಲಿನ ಊರಿನವರಿಗೆ ನೀರುಗಂಟಿಯೇ ನೀರು ಮಾರಿಕೊಂಡ ಎಂದು ಯಾರೋ ಅಂದರು. ಐದು ನಿಮಿಷದಲ್ಲಿ ಅದನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡರು. ಇಂಥ ಜನರ ಭತ್ತವನ್ನು ಕಾಯುವುದಕ್ಕೆ ಅವನ ಮೂರು ತಲೆಮಾರು ಕೆಸರು ತುಳಿದಿತ್ತು.

ನೀರುಗಂಟಿ ಜಗಲಿಯ ಕೆಳಗೆ ನಿಂತಿದ್ದ. ಕೂಗಾಡಲಿಲ್ಲ.

"ನೀರ್ನ ಕದ್ದು ಜೇಬ್ನಲ್ಲಿ ಇಟ್ಕೊಂಡೋಗಕಾಯ್ತದಾ ಸೋಮಿ? ಓಗದಾದ್ರೆ ಒಂದ್ ಗದ್ದೆಗೆ ಓಗ್ಬೇಕು. ಯಾವ್ ಗದ್ದೆ ಅಂತ ತೋರ್ಸಿ" ಎಂದ.

ನ್ಯಾಯವಾದ ಪ್ರಶ್ನೆ. ಅಷ್ಟು ನೀರು ದಿನಾ ಹೋಗಿದ್ದರೆ ಎಲ್ಲೋ ಒಂದು ಕಡೆ ಕೆರೆಯೇ ನಿಂತಿರಬೇಕಿತ್ತು. ಎಂಜಿನಿಯರು ಉತ್ತರಕ್ಕೆ ಬದಲಾಗಿ ರಿಜಿಸ್ಟರು ತೋರಿಸಿದರು. ಓದಲು ಬಾರದವನಿಗೆ ರಿಜಿಸ್ಟರು ತೋರಿಸಿದರೆ ಗೆದ್ದ ಹಾಗೆ ಎಂದು ಅವರಿಗೆ ಗೊತ್ತಿತ್ತು. ಹಳೆಯ ಬುಕ್ಕು ತೆಗೆಸಿ ನೋಡಿ, ಹಿಂದೆ ಕೆಳಗಡೆ ಎಷ್ಟು ಬರುತ್ತಿತ್ತೆಂದು ಅದರಲ್ಲಿದೆ ಎಂದು ಅವನು ಕೇಳಿಕೊಂಡ. ಅದು ಕ್ಯೂಸೆಕ್ಕಿನಲ್ಲಿದೆ, ಹಳೆಯ ಅಳತೆ ಈಗ ಚಲಾವಣೆಯಲ್ಲಿಲ್ಲ ಎಂದು ಇವರು ತಳ್ಳಿಹಾಕಿದರು. ಪಟೇಲರು ಎಲೆ ಅಡಿಕೆ ಉಗಿದು ಬಂದು ತೀರ್ಪು ಕೊಟ್ಟರು.

"ಸರ್ಕಾರದ ಕಾಗ್ದ ಸುಳ್ಳೇಳ್ತದಾ? ಆ ಆಂಡ್ಲು ಇಲ್ ಮಡ್ಗಿ ಓಗ್ಲಾ."

ಅವನು ಹ್ಯಾಂಡಲನ್ನು ಪಂಚೆಯ ಚುಂಗಿನಿಂದ ಒರೆಸಿ ಮೆಟ್ಟಿಲ ಮೇಲಿಟ್ಟು ಹೋದ. ಕೆಲಸ ಹೋಯಿತು, ಕಣದ ಪಾಲು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಕಳ್ಳ ಎಂಬ ಮಾತು ಅವನ ಮನೆಯ ಬಾಗಿಲಿಗೆ ಅಂಟಿಕೊಂಡಿತು. ನಾನು ಸೈಕಲ್ಲು ಹತ್ತಿ ಪಾಂಡವಪುರಕ್ಕೆ ಬಂದು ಹೋಟೆಲಿನಲ್ಲಿ ದೋಸೆ ತಿಂದೆ. ಚೆನ್ನಾಗಿಯೇ ತಿಂದೆ.

ಅವನ ಜಾಗಕ್ಕೆ ಪಟೇಲರ ಬೀಗರ ಕಡೆಯವನೊಬ್ಬ ಬಂದ. ಗಡದ್ದಾಗಿ ಮೀಸೆ ಬಿಟ್ಟಿದ್ದ. ಹತ್ತು ದಿನದಲ್ಲಿ ತಗ್ಗಿನ ಗದ್ದೆಗಳು ಕೊಳೆತವು, ದಿನ್ನೆಯವು ಬಿರುಕು ಬಿಟ್ಟವು, ಅಣ್ಣತಮ್ಮಂದಿರಿಬ್ಬರು ಗುದ್ದಲಿ ಹಿಡಿದು ಬಡಿದಾಡಿಕೊಂಡರು. ಅದು ನನ್ನನ್ನು ಕಾಡಲಿಲ್ಲ. ನಾಲೆಯ ಮೇಲೆ ಅದೆಲ್ಲ ಇದ್ದದ್ದೇ. ಕಾಡಿದ್ದು ರಿಜಿಸ್ಟರು. ಕಳ್ಳ ಹೋಗಿ ಹದಿನೈದು ದಿನವಾದರೂ ಮೇಲೆ ನೂರೈದು, ಕೆಳಗೆ ಅರವತ್ತು. ಕಳ್ಳ ಹೋದ ಮೇಲೆ ಕಳವೂ ಹೋಗಬೇಕಿತ್ತಲ್ಲ! ಎಂಜಿನಿಯರಿಗೆ ಹೇಳಿದೆ. ಹೊಸಬನೂ ಕಳ್ಳನೇ ಇರಬೇಕು, ಆ ಕೆಲಸದ ಜಾತಕವೇ ಹಾಗೆ ಎಂದು ನಕ್ಕರು.

ಮೊದಲು ತೇಲುಬೆಂಡು ಬಿಟ್ಟು ನೋಡಿದೆ. ಮೂವತ್ತು ಮೀಟರು ಅಳೆದು ಗೂಟ ನೆಟ್ಟು, ಬೆಂಡು ಒಂದು ಗೂಟದಿಂದ ಇನ್ನೊಂದಕ್ಕೆ ಎಷ್ಟು ಹೊತ್ತಿಗೆ ಬರುತ್ತದೆಂದು ನೋಡಿ ವೇಗ ತೆಗೆದು, ಅದರಿಂದ ನೀರಿನ ಲೆಕ್ಕ ಹಾಕುವ ಕ್ರಮ. ನಾಲೆಯ ತುಂಬ ಜೊಂಡು. ಬೆಂಡು ಒಮ್ಮೆ ಸಿಕ್ಕಿಕೊಂಡಿತು, ಒಮ್ಮೆ ಎಮ್ಮೆಯ ಹೊಟ್ಟೆಯ ಕೆಳಗೆ ಹೋಯಿತು. ಒಂದು ಸಲ ಸೆಕೆಂಡಿಗೆ ಎಂಬತ್ತು ಲೀಟರು ಬಂತು, ಇನ್ನೊಂದು ಸಲ ನೂರ ಮೂವತ್ತು ಬಂತು. ಅದನ್ನು ಎಂಜಿನಿಯರ ಮುಂದಿಟ್ಟಾಗ, ನೀವು ಎಮ್ಮೆ ಅಳೆದಿರೋ ನೀರು ಅಳೆದಿರೋ ಎಂದು ಕಚೇರಿಯವರ ಎದುರಿಗೆಲ್ಲ ಆಡಿಕೊಂಡರು. ಗುಮಾಸ್ತೆಗಳು ಹಲ್ಲುಬಿಟ್ಟರು. ಆ ನಗೆಯಿಂದಲೇ ನನಗೆ ಹಟ ಬಂತು. ನೀರುಗಂಟಿಯ ಮೇಲಿನ ಕನಿಕರದಿಂದ ಅಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು.

ಕಿಂಡಿಯ ತಗಡಿನಿಂದ ಇಪ್ಪತ್ತು ಹೆಜ್ಜೆ ಕೆಳಗೆ ಬಂಡೆ ಸೀಳಿ ಚಪ್ಪಡಿ ತೆಗೆದು ಬಿಟ್ಟುಹೋದ ಒಂದು ಗುಂಡಿಯಿತ್ತು. ಆ ಕಡೆಯ ಕಲ್ಲು ಕೆಲಸದವರು ಉಳಿಯಿಟ್ಟು ನೇರವಾಗಿ ಸೀಳಿದ್ದರಿಂದ ನಾಲ್ಕು ಗೋಡೆಯೂ ಪೆಟ್ಟಿಗೆಯಂತೆ ಚೌಕವಾಗಿದ್ದವು. ನಾಲೆಯ ನೀರನ್ನೆಲ್ಲ ಅದಕ್ಕೆ ತಿರುಗಿಸಿ, ತುಂಬಲು ಎಷ್ಟು ಹೊತ್ತಾಗುತ್ತದೆಂದು ನೋಡಿದರೆ ಚಾರ್ಟೂ ಬೇಡ, ಬೆಂಡೂ ಬೇಡ. ಆದರೆ ದಂಡೆ ಕೊಯ್ದು ಒಂದು ತೊಟ್ಟೂ ಆಚೆ ಹೋಗದಂತೆ ನೀರನ್ನು ತಿರುಗಿಸುವುದು ಮೀಸೆಯವನಿಂದ ಆಗುವ ಕೆಲಸವಲ್ಲ. ಹೋಗಿ ಹಳೆಯ ನೀರುಗಂಟಿಯ ಬಾಗಿಲಲ್ಲಿ ನಿಂತೆ. ಒಳಗೆ ಬಾ ಎನ್ನಲಿಲ್ಲ. ಕೆಲಸ ಏನೆಂದು ಕೇಳಿಕೊಂಡು, ಗುದ್ದಲಿ ತೆಗೆದುಕೊಂಡು ಹಿಂದೆ ಬಂದ.

ಮೊದಲ ಸಲ ಕೊಯ್ದ ದಂಡೆ ಕುಸಿದು ಅರ್ಧ ನೀರು ಗದ್ದೆಗೆ ಹೋಯಿತು. ಅವನು ಹುಲ್ಲು ಹೆಂಟೆ ಕಿತ್ತು ತಂದು ಎರಡೂ ಬದಿಗೆ ಮೆತ್ತಿದ. ಗುಂಡಿಯ ತಳ ಉಬ್ಬು ತಗ್ಗಾಗಿದ್ದರಿಂದ ಮೊದಲು ಮೊಣಕಾಲುದ್ದ ನೀರು ಬಿಟ್ಟು ಸಮ ಮಾಡಿಕೊಂಡೆವು. ಅಲ್ಲಿಂದ ಮೇಲಕ್ಕೆ ಗೋಡೆಗೆ ಸುಣ್ಣದಲ್ಲಿ ಎರಡು ಗೆರೆ ಎಳೆದೆ, ನಡುವೆ ಸರಿಯಾಗಿ ಅರವತ್ತು ಸೆಂಟಿಮೀಟರು. ಉದ್ದ ಐದು ಮೀಟರು, ಅಗಲ ನಾಲ್ಕು. ನಾಲ್ಕು ಕಡೆ ಟೇಪು ಹಿಡಿದು ನೋಡಿದೆ. ಐದು ನಾಲ್ಕಲಿ ಇಪ್ಪತ್ತು, ಅದಕ್ಕೆ ಅರವತ್ತು ಸೆಂಟಿಮೀಟರು ಎತ್ತರ: ಹನ್ನೆರಡು ಘನ ಮೀಟರು. ಅವನು ಗುದ್ದಲಿಯಿಂದ ಒಂದೇ ಏಟಿಗೆ ದಂಡೆ ಒಡೆದ. ನೀರು ಕೆಳಗಿನ ಗೆರೆ ಮುಟ್ಟಿದಾಗ ಕೈಗಡಿಯಾರ ಹಿಡಿದೆ. ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಎರಡನೆಯ ಸುತ್ತು ಮುಗಿಯುವುದಕ್ಕೂ ನೀರು ಮೇಲಿನ ಗೆರೆ ಮುಟ್ಟುವುದಕ್ಕೂ ಸರಿಹೋಯಿತು.

ಎರಡು ನಿಮಿಷಕ್ಕೆ ಹನ್ನೆರಡು. ಅಂದರೆ ನಿಮಿಷಕ್ಕೆ ಆರು ಘನ ಮೀಟರು. ಪುಸ್ತಕ ಹೇಳಿದ್ದೂ ಆರೇ. ಹಾಗಾದರೆ ತಗಡು ಸರಿ, ಪುಸ್ತಕ ಸರಿ. ಆರು ಎಂದರೆ ಸೆಕೆಂಡಿಗೆ ಅರವತ್ತು ಲೀಟರು ತಾನೆ, ಚಾರ್ಟಿನಂತೆ? ಹನ್ನೆರಡು ಸಾವಿರ ಲೀಟರನ್ನು ಅಂಗೈ ಮೇಲೆ ಪೆನ್ಸಿಲಿನಿಂದ ಬರೆದುಕೊಂಡು, ಮುಳ್ಳು ಸುತ್ತಿದ ನೂರಿಪ್ಪತ್ತು ಸೆಕೆಂಡಿನಿಂದ ಭಾಗಿಸಿದೆ. ನೂರು ಬಂತು. ಇನ್ನೊಮ್ಮೆ ಭಾಗಿಸಿದೆ. ನೂರೇ ಬಂತು. ಮೇಲೆ ನೂರೈದು, ಕೆಳಗೆ ನೂರು, ಇಂಗಿದ್ದು ಐದು. ಕಳ್ಳನೂ ಇಲ್ಲ, ಕಳವೂ ಇಲ್ಲ. ಎಲ್ಲವೂ ನೂರು ನೂರಾಗಿ ಬದಲಾದ ಉತ್ಸಾಹದಲ್ಲಿ ನಾವು ನಿಮಿಷವನ್ನೂ ನೂರು ಸೆಕೆಂಡು ಮಾಡಿಬಿಟ್ಟಿದ್ದೆವು. ಥೂ ಎಂದು ನನಗೆ ನಾನೇ ಉಗಿದುಕೊಂಡೆ. ನೀರುಗಂಟಿ ಏನಾಯಿತೆಂದು ಕೇಳಿದ. ಆಮೇಲೆ ಹೇಳುತ್ತೇನೆ ಎಂದೆ. ಅಲ್ಲೇ ಹೇಳುವ ಧೈರ್ಯ ಬರಲಿಲ್ಲ.

ಕಚೇರಿಗೆ ಹೋಗಿ ಲೆಕ್ಕವನ್ನು ಮುಂದಿಟ್ಟಾಗ ಎಂಜಿನಿಯರಿಗೆ ಅರ್ಥವಾಗಲು ಎರಡು ಕ್ಷಣ ಸಾಕಾಯಿತು. ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು, ಮುಂದಿನ ತಿಂಗಳಿಂದ ಹೊಸ ಚಾರ್ಟು ಹಾಕಿ, ಆಗಿದ್ದನ್ನು ಕೆದಕಬೇಡಿ ಎಂದರು. ನೀರುಗಂಟಿಯ ಗತಿ ಎಂದೆ. ಅವನಿಗೂ ವಯಸ್ಸಾಯಿತಲ್ಲ ಎಂದರು. ನಾನು ಆ ಮನುಷ್ಯನನ್ನು ದಡ್ಡ ಎಂದು ಮಾತ್ರ ಅಂದುಕೊಂಡಿದ್ದೆ. ದಡ್ಡತನ ಅವರಲ್ಲಿದ್ದುದರಲ್ಲಿ ಒಳ್ಳೆಯ ಗುಣ ಎಂದು ಅವತ್ತು ತಿಳಿಯಿತು.

ಕಾಗದಗಳನ್ನು ಸುತ್ತಿಕೊಂಡು ಶ್ರೀರಂಗಪಟ್ಟಣದ ಬಂಗಲೆಯಲ್ಲಿ ತಂಗಿದ್ದ, ಎಂಜಿನಿಯರಿಗೂ ಮೇಲಿನ ದೊಡ್ಡ ಸಾಹೇಬರ ಹತ್ತಿರ ಹೋದೆ. ನಮ್ಮ ಎಂಜಿನಿಯರು ನನಗಿಂತ ಮೊದಲೇ ಜೀಪಿನಲ್ಲಿ ಬಂದು ಕೂತಿದ್ದರು. ಓವರ್‌ಸೀಯರು ನಕಲು ಮಾಡುವಾಗ ತಪ್ಪಿದ್ದಾನೆ ಎಂದು ಆಗಲೇ ಅವರ ಕಿವಿಗೆ ಊದಿಯೂ ಆಗಿತ್ತು. ದೊಡ್ಡ ಸಾಹೇಬರು ಕಿತ್ತಲೆ ಸುಲಿಯುತ್ತ ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಮಾಡಿ ನೋಡಿದರು. ಅವರಿಗೆ ಎಲ್ಲವೂ ಗೊತ್ತಾಯಿತು. ಗೊತ್ತಾಗಿಯೂ ನನ್ನನ್ನೇ ನೋಡಿ, ಸಮಾಧಾನವಾಗಿ ವ್ಯಾಪಾರ ಕುದುರಿಸಿದರು.

"ನೋಡಪ್ಪ, ಲೆಕ್ಕದ ತಪ್ಪು ಅಂತ ಬರೆದರೆ ಇದು ಮೇಲಕ್ಕೆ ಹೋಗುತ್ತೆ, ವಿವರಣೆ ಕೇಳ್ತಾರೆ, ಒಂದು ವರ್ಷ. ನಕಲಿನ ತಪ್ಪು ಅಂತ ನೀನು ಬರೆದುಕೊಟ್ಟರೆ ಆ ಮುದುಕನ್ನ ಕೆಲಸಕ್ಕೆ ವಾಪಸು ತಗೊಳ್ಳೋ ಆರ್ಡರಿಗೆ ಈಗಲೇ ಸಹಿ ಹಾಕ್ತೀನಿ."

ಎಂಜಿನಿಯರು ಕಿಟಕಿಯ ಹೊರಗೆ ನದಿ ನೋಡುತ್ತಿದ್ದರು. ಒಂದು ವರ್ಷ ಎಂದರೆ ಎರಡು ಒಕ್ಕಣೆ. ಪೆನ್ನು ತೆಗೆದು ಬರೆದುಕೊಟ್ಟೆ. ನನಗೆ ವಾಗ್ದಂಡನೆ ಎಂದು ಸರ್ವಿಸ್ ಪುಸ್ತಕದಲ್ಲಿ ಒಂದು ಸಾಲು ಬಂತು. ಎಂಜಿನಿಯರ ಪುಸ್ತಕದಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ. ಆರ್ಡರು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಏನೋ ದೊಡ್ಡ ತ್ಯಾಗ ಮಾಡಿದವನಂತೆ ಎದೆ ಉಬ್ಬಿಸಿಕೊಂಡಿದ್ದೆ. ಈಗ ನೆನೆದರೆ ಅಸಹ್ಯವಾಗುತ್ತದೆ.

ಮಾರನೆಯ ಬೆಳಿಗ್ಗೆ ಅದೇ ಜಗಲಿ, ಅದೇ ಜನ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಹೊಟ್ಟೆ ತುಂಬಿದವರಂತೆ ಎಲ್ಲರೂ ನೀರುಗಂಟಿಯ ಒಳ್ಳೆಯತನವನ್ನು ಹೊಗಳುತ್ತಿದ್ದರು. ಕಣ್ಣಾರೆ ಕಂಡಿದ್ದವರು ಮುಂದಿನ ಸಾಲಿನಲ್ಲೇ ಇದ್ದರು. ಆರ್ಡರು ಓದಿದೆ. ಪಟೇಲರು ಹ್ಯಾಂಡಲನ್ನು ಎತ್ತಿ ಕೊಡಲು ಹೋದರು. ನೀರುಗಂಟಿ ಕೈ ಚಾಚಲಿಲ್ಲ. ಎಲ್ಲಿ ತಪ್ಪಾಗಿತ್ತು ಎಂದು ತಿಳಿಯಬೇಕು ಎಂದ. ನಿಮಿಷಕ್ಕೆ ಅರವತ್ತು ಸೆಕೆಂಡು ಹಿಡಿಯುವ ಕಡೆ ನೂರು ಹಿಡಿದಿದ್ದೆವು ಎಂದು ಹೇಳಿ, ನನ್ನ ಗಡಿಯಾರದ ಸೆಕೆಂಡಿನ ಮುಳ್ಳನ್ನೇ ಅವನಿಗೆ ತೋರಿಸಿ, ಇದು ಒಂದು ಸುತ್ತು ಬಂದರೆ ಅರವತ್ತು ಎಂದು ವಿವರಿಸಿದೆ. ತಪ್ಪು ಎಂಜಿನಿಯರದ್ದು, ನನ್ನ ತಲೆಗೆ ಕಟ್ಟಿದ್ದಾರೆ ಎಂಬುದನ್ನೂ ಸೇರಿಸಿದೆ.

ಅವನು ಬಗ್ಗಿ ಆ ಮುಳ್ಳು ಒಂದು ಸುತ್ತು ಬರುವ ತನಕ ನೋಡಿದ.

"ಆ ಕಾಗ್ದುಕ್ಕೆ ಸಯಿ ಆಕ್ದೋರು ಯಾರು ಸೋಮಿ?"

ನಾನೇ ಎಂದೆ.

"ಇದ್ನ ದಿನಾ ಕೈಗ್ ಕಟ್ಕೊಂಡೇ ಓಡಾಡ್ತೀರಿ. ಒಂದ್ ಕಿತನೂ ನೋಡ್ನಿಲ್ವಾ?"

ಜಗಲಿಯ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅವನು ಪಟೇಲರ ಕೈಯಿಂದ ಹ್ಯಾಂಡಲು ತೆಗೆದುಕೊಳ್ಳಲಿಲ್ಲ. ಅವರು ಅದನ್ನು ಹಿಂದೆ ಅವನು ಇಟ್ಟಿದ್ದ ಮೆಟ್ಟಿಲ ಮೇಲೇ ಇಡುವ ತನಕ ಕಾದು, ಅಲ್ಲಿಂದ ಎತ್ತಿಕೊಂಡು ನಾಲೆಯ ಕಡೆ ನಡೆದ. ನಾನೂ ಹಿಂದೆಯೇ ಹೋದೆ. ಒಂಬತ್ತೂವರೆಗೆ ದಿನ್ನೆಯ ಗದ್ದೆಗಳ ಸರದಿ, ಷಟರು ಎತ್ತಬೇಕು. ತೂಬಿನ ಮೇಲೆ ನಿಂತು ಹ್ಯಾಂಡಲು ಸಿಕ್ಕಿಸಿ, ಗಂಟೆ ಎಷ್ಟು ಎಂದು ನನ್ನನ್ನು ಕೇಳಿದ. ಗಡಿಯಾರ ನೋಡಿ ಒಂಬತ್ತೂವರೆ ಎಂದೆ. ಅವನು ಹ್ಯಾಂಡಲು ತಿರುಗಿಸಲಿಲ್ಲ. ಕತ್ತು ಹೊರಳಿಸಿ, ದಂಡೆಯ ಮೇಲೆ ಬಿದ್ದಿದ್ದ ತನ್ನ ನೆರಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. ಸರಿಯಾಗಿದೆ ಎಂದು ಅವನಿಗೆ ಅನ್ನಿಸಿದ ಮೇಲೆ ಷಟರು ಎತ್ತಿದ.